ಹೆಬ್ಬೆರಳಿನಿಂದ ಶುರುವಾಗುವ ಕೆತ್ತನೆ

ಮೂರು ವಾರದಿಂದ ಒಂದೇ ಒಂದು ಮರದ ತುಂಡಿನ ಜೊತೆ ಕೂತಿದ್ದೇನೆ. ನಾನು ಮಾಡುತ್ತಿರುವ ಹಳೇ ಮಾದರಿಯ ಕೋವಿಯ ಹಿಂಬದಿಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಇದೆ, ಅದಕ್ಕೆ ಮುಚ್ಚಳ ಆಗಬೇಕಾದ ತುಂಡು ಇದು. ಆರು ಇಂಚು ಉದ್ದ, ಒಂದೂವರೆ ಇಂಚು ಅಗಲ, ಮೇಪಲ್ ಮರ. ನಳಿಗೆ ಕೂರಿಸಿ ಆಯಿತು, ಮದ್ದಿಗೆ ಕಿಡಿ ಹಾರಿಸುವ ಚಕಮಕಿ ಲಾಕ್ ಕೂರಿಸಿ ಆಯಿತು, ಬಟ್ ಪ್ಲೇಟ್, ಅಂದರೆ ಭುಜಕ್ಕೆ ಒತ್ತುವ ತುದಿಯ ಹಿತ್ತಾಳೆ, ಅರ ಹಾಕಿ ಹೊಂದಿಸಿ ಆಯಿತು. ಆ ಕೆಲಸಗಳಲ್ಲಿ ತಪ್ಪು ಸರಿ ಎರಡೂ ಕಣ್ಣಿಗೆ ಕಾಣುತ್ತವೆ, ಮಸಿ ಹಚ್ಚಿ ಒತ್ತಿ ನೋಡಿದರೆ ಎಲ್ಲಿ ತಗಲುತ್ತಿದೆ ಅಂತ ಗೊತ್ತಾಗುತ್ತದೆ. ಈ ಚಿಕ್ಕ ಮುಚ್ಚಳದ ವಿಷಯ ಹಾಗಲ್ಲ. ಇದರ ಮೇಲೆ ಏನು ಕೆತ್ತಬೇಕು, ಎಷ್ಟು ಕೆತ್ತಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಯಾವ ಮಸಿಯೂ ಹೇಳಿಕೊಡುವುದಿಲ್ಲ.

ನಾನು ಪೆನ್ಸಿಲ್ವೇನಿಯಾದಲ್ಲಿ ಇದ್ದೇನೆ. ಕೆಲವು ವರ್ಷಗಳಿಂದ ರಜೆಯ ದಿನ ಗ್ಯಾರೇಜಿನಲ್ಲಿ ಕೂತು ಹಳೇ ಕಾಲದ ಅಮೆರಿಕನ್ ಉದ್ದ ಕೋವಿಗಳನ್ನು ಕೈಯಿಂದ ಮಾಡುವುದನ್ನು ಕಲಿಯುತ್ತಿದ್ದೇನೆ. ಇಲ್ಲಿ ಇದನ್ನು ಲಾಂಗ್ ರೈಫಲ್ ಅನ್ನುತ್ತಾರೆ. ಕೆಂಟಕಿ ರೈಫಲ್ ಅಂತಲೂ ಹೆಸರಿದೆ, ಆದರೆ ಇದು ಹುಟ್ಟಿದ್ದು ಬೆಳೆದದ್ದು ಹೆಚ್ಚಾಗಿ ಪೆನ್ಸಿಲ್ವೇನಿಯಾದಲ್ಲೇ. 1700ರ ನಂತರ ಜರ್ಮನ್ ಮಾತಾಡುವ ಕುಶಲಕರ್ಮಿಗಳು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬಂದರು. ಅವರ ಜೊತೆ ಯೇಗರ್ ಅನ್ನುವ ಬೇಟೆ ಕೋವಿಯೂ ಬಂತು. ಗಿಡ್ಡ, ದಪ್ಪ ಕೋವಿ ಅದು. ನಳಿಗೆ ಸುಮಾರು 30 ಇಂಚು, ಗುಂಡು ದೊಡ್ಡದು. ಇಲ್ಲಿ ಲ್ಯಾಂಕಾಸ್ಟರ್, ರೆಡಿಂಗ್, ಬೆತ್ಲೆಹೆಮ್ ಸುತ್ತಮುತ್ತ ಕೋವಿ ಮಾಡುವವರ ಕೈಯಲ್ಲಿ ಅದೇ ಕೋವಿ ನಿಧಾನವಾಗಿ ಉದ್ದವಾಯಿತು, ತೆಳ್ಳಗಾಯಿತು. ನಳಿಗೆ 42 ಇಂಚು ದಾಟಿತು. ಯುರೋಪಿನ ವಾಲ್‌ನಟ್ ಹೋಗಿ ಇಲ್ಲಿನ ಮೇಪಲ್ ಬಂತು.

ಯೇಗರ್ ಕೋವಿಯಿಂದ ಹಾಗೇ ಉಳಿದುಕೊಂಡು ಬಂದದ್ದು ಒಂದಿದೆ. ಅದೇ ಹಿಂಬದಿಯಲ್ಲಿರುವ ಪುಟ್ಟ ಪೆಟ್ಟಿಗೆ. ಕೋವಿಯ ಮರದಲ್ಲೇ, ಬಲಗಡೆ, ಭುಜಕ್ಕೆ ಒತ್ತುವ ಭಾಗದ ಹತ್ತಿರ ಒಂದು ಗುಳಿ ಕೊರೆದಿರುತ್ತಾರೆ. ಅದಕ್ಕೆ ಪ್ಯಾಚ್ ಬಾಕ್ಸ್ ಅಂತ ಹೆಸರು. ಈ ಕೋವಿಗೆ ಗುಂಡು ತುಂಬುವುದು ಮುಂದಿನಿಂದ. ಮೊದಲು ಮದ್ದು ಸುರಿಯುತ್ತಾರೆ, ಆಮೇಲೆ ಕೊಬ್ಬು ಸವರಿದ ಬಟ್ಟೆಯ ಚೂರೊಂದನ್ನು ನಳಿಗೆಯ ಬಾಯಿಗೆ ಇಟ್ಟು, ಅದರ ಮೇಲೆ ಸೀಸದ ಗುಂಡು ಇಟ್ಟು, ಉದ್ದ ಕೋಲಿನಿಂದ ಒಳಗೆ ತಳ್ಳುತ್ತಾರೆ. ನಳಿಗೆಯ ಒಳಗೆ ತಿರುಚಿಕೊಂಡು ಹೋಗುವ ಗೀರುಗಳಿರುತ್ತವಲ್ಲ, ಗುಂಡಿಗೆ ಆ ತಿರುವು ದಾಟಿಸುವುದು ಈ ಬಟ್ಟೆಯೇ. ಹೊಗೆ ಪಕ್ಕದಿಂದ ಸೋರದಂತೆ ತಡೆಯುವುದೂ ಇದೇ. ಗುಂಡು ಹೊರಗೆ ಬಂದ ಮೇಲೆ ಬಟ್ಟೆ ಕಳಚಿ ಕೆಳಗೆ ಬೀಳುತ್ತದೆ. ಆ ಬಟ್ಟೆ ಚೂರುಗಳು ಕೈಗೆ ಸಿಗುವ ಹಾಗೆ, ಒಣಗದ ಹಾಗೆ ಇರಬೇಕು. ಅದಕ್ಕೇ ಈ ಪೆಟ್ಟಿಗೆ. ಬೇಕಿದ್ದರೆ ಒಂದು ಚಕಮಕಿ ಕಲ್ಲೂ ಒಳಗೆ ಹಿಡಿಯುತ್ತದೆ.

ಶುರುವಿನ ಕಾಲದಲ್ಲಿ ಈ ಪೆಟ್ಟಿಗೆಗೆ ಜಾರುವ ಮರದ ಮುಚ್ಚಳ ಇರುತ್ತಿತ್ತು. ಎರಡೂ ಅಂಚಿನಲ್ಲಿ ಡವ್‌ಟೇಲ್, ಅಂದರೆ ಮೇಲಕ್ಕೆ ಎದ್ದು ಬರದಂತೆ ಓರೆಯಾಗಿ ಕೊಯ್ದ ಅಂಚು, ಹಿಂದಕ್ಕೆ ಎಳೆದರೆ ಜಾರಿಕೊಂಡು ಹೊರಗೆ ಬರುತ್ತದೆ. ಆಮೇಲೆ ಕೀಲಿರುವ ಹಿತ್ತಾಳೆ ಮುಚ್ಚಳ ಬಂತು. ಅದು ಕಳೆದುಹೋಗುವುದಿಲ್ಲ, ಹೊಳೆಯುತ್ತದೆ, ಅದರ ಮೇಲೆ ಗೀರಿ ಚಿತ್ರ ಬಿಡಿಸಬಹುದು. ಲ್ಯಾಂಕಾಸ್ಟರ್‌ನವರು ಅದರ ತುದಿಗೆ ಡೇಸಿ ಹೂವಿನ ಆಕಾರ ಕೊಟ್ಟರು. ಇವತ್ತು ಲಾಂಗ್ ರೈಫಲ್ ಅಂದ ತಕ್ಷಣ ಜಾಸ್ತಿ ಜನರ ಕಣ್ಣ ಮುಂದೆ ಬರುವುದು ಆ ಹಿತ್ತಾಳೆ ಪೆಟ್ಟಿಗೆಯೇ. ಚೆನ್ನಾಗಿದೆ, ನಾನು ಬೇಡ ಅನ್ನುವುದಿಲ್ಲ. ಆದರೆ ನನ್ನ ಮನಸ್ಸು ಮಾತ್ರ ಮರದ ಮುಚ್ಚಳದ ಕಡೆಗೇ ಹೋಗುತ್ತದೆ. ಹಿತ್ತಾಳೆ ಮರದ ಮೇಲೆ ಕೂರಿಸಿದ ಒಡವೆ. ಮರದ ಮುಚ್ಚಳ ಹಾಗಲ್ಲ, ಅದು ಕೋವಿಯ ಮೈಯ ಒಂದು ಭಾಗ. ಅದಕ್ಕೆ ಅಲಂಕಾರ ಮಾಡುವ ರೀತಿಯೂ ಬೇರೆಯೇ ಆಗಬೇಕು ಅನ್ನುವುದು ನಾನು ಪೆಟ್ಟು ತಿಂದು ಕಲಿತ ಪಾಠ.

ಮೊದಲನೇ ಕೋವಿಯಲ್ಲಿ ಆದದ್ದು ಹೇಳುತ್ತೇನೆ. ಸ್ಟಾಕ್‌ಗೆ, ಅಂದರೆ ಕೋವಿಯ ಮರದ ಮೈಗೆ, ಬೇಕಾದ ಹಲಗೆ ಒಂದು ಕಡೆಯಿಂದ ತಂದಿದ್ದೆ. ಮುಚ್ಚಳಕ್ಕೆ ಅಂತ ಅದರಲ್ಲಿ ತುಂಡು ಎತ್ತಿಡಬೇಕು ಅಂತ ಆಗ ತಿಳಿದಿರಲಿಲ್ಲ. ಉಳಿದ ಚೂರುಗಳೆಲ್ಲ ಒಲೆಗೆ ಹೋದವು. ಮುಚ್ಚಳಕ್ಕೆ ಬೇರೆ ಮೇಪಲ್ ತುಂಡು ತರಿಸಿದೆ, ಅದೂ ಪಟ್ಟೆ ಪಟ್ಟೆಯ ಕರ್ಲಿ ಮೇಪಲ್ಲೇ, ನೋಡಲು ಇನ್ನೂ ಚಂದ. ಅದನ್ನು ಮೇಜಿಗೆ ಬಿಗಿದು ಎರಡು ವಾರ ಕೂತು ಎಲೆ, ಸುರುಳಿ, ನಡುವೆ ಒಂದು ಹೂವು, ಎಲ್ಲಾ ಕೆತ್ತಿದೆ. ಕೈಯಲ್ಲಿ ಹಿಡಿದು ನೋಡಿದರೆ ಖುಷಿಯಾಗುತ್ತಿತ್ತು. ಕೋವಿಯೊಳಗೆ ಜಾರಿಸಿದೆ. ಯಾರೋ ಪರಊರಿನವರು ಬಂದು ಮನೆ ಮಧ್ಯೆ ಕೂತ ಹಾಗಿತ್ತು. ಸ್ಟಾಕ್‌ನ ಪಟ್ಟೆಗಳು ಒಂದು ಕೋನದಲ್ಲಿ ಓಡುತ್ತಿದ್ದರೆ ಮುಚ್ಚಳದವು ಇನ್ನೊಂದು ಕೋನದಲ್ಲಿ. ಸ್ಟಾಕ್‌ನ ಮೈ ದುಂಡಗೆ ಬಾಗಿದ್ದರೆ ಮುಚ್ಚಳ ಚಪ್ಪಟೆ. ಹೂವು ನಡುವೆಯೇ ಇತ್ತು, ಆದರೆ ಮುಚ್ಚಳದ ನಡುವೆ, ಕೋವಿಯ ಗೆರೆಗಳಿಗೂ ಅದಕ್ಕೂ ಸಂಬಂಧವೇ ಇಲ್ಲ.

ನನಗೆ ಈ ಕೆಲಸ ಕಲಿಸುತ್ತಿರುವ ಹಿರಿಯರೊಬ್ಬರಿದ್ದಾರೆ. ಅದನ್ನು ನೋಡಿ ಅವರು ಏನೂ ಬೈಯಲಿಲ್ಲ. ಮುಚ್ಚಳದ ಮುಂದಿನ ತುದಿ ಮೇಲೆ ಹೆಬ್ಬೆರಳು ಇಟ್ಟು ಹಿಂದಕ್ಕೆ ತಳ್ಳಲು ನೋಡಿದರು. ಬೆರಳು ಜಾರಿತು. ಇನ್ನೊಮ್ಮೆ ತಳ್ಳಿದರು, ಮತ್ತೆ ಜಾರಿತು. ಅಷ್ಟೇ, ನನ್ನ ಕೈಗೆ ವಾಪಸ್ ಕೊಟ್ಟರು. ಎರಡು ವಾರದ ಕೆತ್ತನೆಯಲ್ಲಿ ಬೆರಳಿಗೆ ಹಿಡಿತ ಸಿಗುವ ಒಂದೇ ಒಂದು ಜಾಗ ನಾನು ಮಾಡಿರಲಿಲ್ಲ.

ಹಳೆಯ ಮುಚ್ಚಳಗಳ ಚಿತ್ರಗಳನ್ನು ಆವತ್ತಿನಿಂದ ಬೇರೆ ಕಣ್ಣಿನಿಂದ ನೋಡಲು ಶುರು ಮಾಡಿದೆ. ಮುಂದಿನ ತುದಿಯಲ್ಲಿ ಸ್ವಲ್ಪ ಎತ್ತರಿಸಿ ಬಿಟ್ಟ ಒಂದು ಏಣು ಇರುತ್ತದೆ, ಅಥವಾ ಚಿಪ್ಪಿನ ಹಾಗೆ ಗೀರುಗಳು, ಅಥವಾ ಅಡ್ಡಕ್ಕೆ ಎರಡು ಮೂರು ಮೆಟ್ಟಿಲಿನಂತಹ ಕೆತ್ತನೆ. ಸುಮ್ನೆ ಚಂದಕ್ಕೆ ಅಂದುಕೊಂಡಿದ್ದೆ. ಅಲ್ಲ. ಕೊಬ್ಬು ಮೆತ್ತಿದ ಬೆರಳು, ಚಳಿಗೆ ಮರಗಟ್ಟಿದ ಬೆರಳು, ಅದು ಅಲ್ಲಿ ಒತ್ತಿ ಹಿಂದಕ್ಕೆ ತಳ್ಳಬೇಕು. ಜಾರಬಾರದು. ಆ ಅಗತ್ಯವೇ ಅಲಂಕಾರ ಆಗಿದೆ. ಅದಕ್ಕೇ ಈಗ ನಾನು ಮುಚ್ಚಳದ ಮೇಲೆ ಗೆರೆ ಎಳೆಯುವ ಮೊದಲು ಕೋವಿಯನ್ನು ತುಂಬುವಾಗ ಹಿಡಿಯುವ ಹಾಗೆ ಹಿಡಿದು, ಕಣ್ಣು ಮುಚ್ಚಿ, ಹೆಬ್ಬೆರಳು ತಾನಾಗಿ ಎಲ್ಲಿ ಬಂದು ಕೂರುತ್ತದೆ ಅಂತ ನೋಡಿ ಅಲ್ಲಿ ಪೆನ್ಸಿಲ್ ಗುರುತು ಹಾಕುತ್ತೇನೆ. ಮೊದಲ ಗುರುತು ಅದು. ಉಳಿದದ್ದೆಲ್ಲ ಅದಾದ ಮೇಲೆ.

ಎರಡನೆಯದು, ಮುಚ್ಚಳವನ್ನು ಅದರ ಜಾಗದಲ್ಲಿ ಕೂರಿಸಿಯೇ ಆಕಾರ ಕೊಡಬೇಕು. ಸ್ಟಾಕ್ ಇನ್ನೂ ಒರಟಾಗಿದ್ದಾಗಲೇ ಗುಳಿ ಕೊರೆದು, ಮುಚ್ಚಳ ಹೊಂದಿಸಿ, ಆಮೇಲೆ ಎರಡನ್ನೂ ಒಂದೇ ಮರ ಅನ್ನುವಂತೆ ಒಟ್ಟಿಗೆ ಅರ ಹಾಕಿ ದುಂಡು ಮಾಡಬೇಕು. ಆಗ ಸ್ಟಾಕ್‌ನ ಬಾಗು ಮುಚ್ಚಳದ ಮೇಲೂ ತಡೆಯಿಲ್ಲದೆ ಹರಿದುಹೋಗುತ್ತದೆ. ಹಲಗೆಯಲ್ಲಿ ಸ್ಟಾಕ್‌ನ ಆಕಾರ ಗೀಚುವಾಗಲೇ ಅದರ ಪಕ್ಕದ ತುಂಡನ್ನು ಮುಚ್ಚಳಕ್ಕೆ ಅಂತ ಗುರುತು ಹಾಕಿ ಎತ್ತಿಡಬೇಕು. ಎಳೆ ಯಾವ ಕಡೆಗೆ ಓಡುತ್ತಿದೆ ಅಂತ ಬಾಣದ ಗುರುತೂ ಬೇಕು. ಮುಚ್ಚಳವನ್ನು ಮುಂದೆ ಕಿರಿದಾಗಿ ಹಿಂದೆ ಒಂಚೂರು ಅಗಲವಾಗಿ ಮಾಡಿದರೆ ಇನ್ನೂ ಒಳ್ಳೆಯದು. ಒಳಗೆ ತಳ್ಳಿದಾಗ ಕೊನೆಯಲ್ಲಿ ಬೆಣೆಯ ಹಾಗೆ ಬಿಗಿಯಾಗುತ್ತದೆ, ಎಳೆದ ತಕ್ಷಣ ಸಡಿಲವಾಗುತ್ತದೆ. ನೋಡಲೂ ಅದು ಸರಿ. ಕೋವಿಯ ಹಿಂಬದಿ ಕೂಡ ಕೈ ಹಿಡಿಯುವ ಕಡೆಯಿಂದ ಭುಜದ ಕಡೆಗೆ ಅಗಲವಾಗುತ್ತಲ್ಲ, ಮುಚ್ಚಳದ ಎರಡು ಅಂಚುಗಳೂ ಅದೇ ಮಾತನ್ನು ಹೇಳುತ್ತವೆ.

ಇನ್ನು ಅಲಂಕಾರ. ಅತಿ ಸರಳವಾದದ್ದು ಎರಡೂ ಅಂಚಿನ ಉದ್ದಕ್ಕೂ ಒಂದು ಸಣ್ಣ ಬೀಡ್, ಅಂದರೆ ದುಂಡನೆಯ ದಾರದಂತೆ ಎದ್ದು ಕಾಣುವ ಗೆರೆ. ಇದಕ್ಕೆ ಉಳಿ ಬೇಡ. ಹಳೇ ಗರಗಸದ ಅಲಗಿನ ಚೂರಿನಲ್ಲಿ ಬೇಕಾದ ಆಕಾರದ ಕಚ್ಚು ಅರದಿಂದ ಮಾಡಿ, ಅದನ್ನು ಮರದ ಹಿಡಿಯೊಂದಕ್ಕೆ ಸಿಕ್ಕಿಸಿ, ಅಂಚಿಗೆ ತಾಗಿಸಿಕೊಂಡು ಕೆರೆಯುತ್ತಾ ಹೋದರೆ ಸಾಕು. ಒತ್ತಬಾರದು. ಮೊದಲ ಹತ್ತು ಸಲ ಬರೀ ಗೀರು ಕಾಣುತ್ತದೆ, ಇಪ್ಪತ್ತನೇ ಸಲಕ್ಕೆ ಬೀಡ್ ಎದ್ದು ಬರುತ್ತದೆ. ನನಗೆ ಇಡೀ ಕೋವಿ ಕೆಲಸದಲ್ಲಿ ತುಂಬಾ ಇಷ್ಟವಾದ ಹತ್ತು ನಿಮಿಷ ಅಂದರೆ ಇದೇ. ಬರೀ ಎರಡು ಬೀಡ್, ಮುಂದೆ ಬೆರಳಿಗೆ ಒಂದು ಏಣು. ಇಷ್ಟೇ ಇದ್ದರೂ ಮುಚ್ಚಳ ತುಂಬಿಕೊಂಡ ಹಾಗೆ ಕಾಣುತ್ತದೆ.

ಅದಕ್ಕಿಂತ ಮುಂದೆ ಹೋಗುವವರಿಗೆ ಉಬ್ಬು ಕೆತ್ತನೆ ಇದೆ. ಆ ಕಾಲದ ರುಚಿ ಬರೋಕ್ ಅನ್ನುವ ಗಂಭೀರ ಯುರೋಪಿಯನ್ ಅಲಂಕಾರ ಶೈಲಿಯಿಂದ ರೊಕೊಕೊ ಅನ್ನುವ ಹಗುರ, ಬಳುಕಿನ ಶೈಲಿಯ ಕಡೆಗೆ ಸಾಗುತ್ತಿತ್ತು. ಇಂಗ್ಲಿಷಿನ ಸಿ ಅಕ್ಷರದಂತಹ ಸುರುಳಿ, ಎಸ್ ಅಕ್ಷರದಂತಹ ಬಳುಕು, ಅಕ್ಯಾಂಥಸ್ ಎಲೆ, ಚಿಪ್ಪು, ಇವೇ ಮತ್ತೆ ಮತ್ತೆ ಬರುತ್ತವೆ. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಮತ್ತು ನಾಜರೆತ್ ಕಡೆ ಮೊರೇವಿಯನ್ ಅನ್ನುವ ಕ್ರೈಸ್ತ ಪಂಗಡದವರು ಊರು ಕಟ್ಟಿಕೊಂಡಿದ್ದರು. ನಾಜರೆತ್ ಹತ್ತಿರದ ಕ್ರಿಶ್ಚಿಯನ್ಸ್ ಸ್ಪ್ರಿಂಗ್‌ನಲ್ಲಿ ಅವರದೊಂದು ಕೋವಿ ಕಾರ್ಯಾಗಾರ ಇತ್ತು. 1718ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಆಂಡ್ರಿಯಾಸ್ ಆಲ್ಬ್ರೆಕ್ಟ್ ಅಲ್ಲಿನ ಗುರು. ಅವರ ನಂತರ ಕ್ರಿಶ್ಚಿಯನ್ ಓರ್ಟರ್ ಬಂದರು. ಓರ್ಟರ್ ಹೆಸರು ಮತ್ತು 1774, 1775ರ ಇಸವಿ ಹಾಕಿದ ಕೋವಿಗಳು ಇವತ್ತಿಗೂ ಉಳಿದಿವೆ. ಅವುಗಳಲ್ಲಿ ಒಂದು 1971ರಲ್ಲಿ ಪೆನ್ಸಿಲ್ವೇನಿಯಾದ ವ್ಯಾಲಿ ಫೋರ್ಜ್ ಉದ್ಯಾನದಿಂದ ಕಳವಾಗಿ, 2018ರಲ್ಲಿ ವಾಪಸ್ ಸಿಕ್ಕಿತು. ಸುಮಾರು ಅರ್ಧ ಶತಮಾನ! ಆ ಸುದ್ದಿ ಓದಿದ ದಿನ ಮನೆಯವರಿಗೆಲ್ಲ ಹೇಳಿಕೊಂಡು ಓಡಾಡಿದ್ದೆ.

ಜಾರುವ ಮರದ ಮುಚ್ಚಳ ಇರುವ ಕೋವಿಗಳಲ್ಲಿ ನನಗೆ ಮೇಲ್ಪಂಕ್ತಿ ಅಂದರೆ ಎಡ್ವರ್ಡ್ ಮಾರ್ಷಲ್ ಕೋವಿ. ಮಾರ್ಷಲ್ ಯಾರು ಅಂದರೆ, 1737ರ ವಾಕಿಂಗ್ ಪರ್ಚೇಸ್‌ನಲ್ಲಿ ನಡೆದ ಮನುಷ್ಯ. ಒಂದೂವರೆ ದಿನದಲ್ಲಿ ಒಬ್ಬ ಎಷ್ಟು ದೂರ ನಡೆಯಬಲ್ಲನೋ ಅಷ್ಟು ನೆಲ ಅಂತ ಹೇಳಿ, ದಾರಿ ಮೊದಲೇ ಸವರಿ, ಗಟ್ಟಿ ಕಾಲಿನವರನ್ನು ಓಡಿಸಿ, ಮೂಲನಿವಾಸಿಗಳಾದ ಲೆನಾಪೆ ಜನರಿಂದ ಅಪಾರ ಭೂಮಿ ಕಿತ್ತುಕೊಂಡ ಕಥೆ ಅದು. ಹೊರಟ ಮೂವರಲ್ಲಿ ಕೊನೆ ಮುಟ್ಟಿದ್ದು ಮಾರ್ಷಲ್ ಒಬ್ಬರೇ. ಈ ಕೋವಿಗಳ ಅಂದದ ಬಗ್ಗೆ ಬರೆಯುವಾಗ ಅವು ಎಂತಹ ನೆಲದಲ್ಲಿ ಓಡಾಡಿದವು ಅನ್ನುವುದನ್ನು ಮರೆಯಲು ನನಗೆ ಮನಸ್ಸಾಗುವುದಿಲ್ಲ. ಆ ಕೋವಿಯ ಮೈ ದಪ್ಪ, ಹಿಂಬದಿ ಭಾರಿ, ಇನ್ನೂ ಅರ್ಧ ಜರ್ಮನ್ ಕೋವಿಯೇ. ಅಂತಹ ಮೈಗೆ ಮರದ ಮುಚ್ಚಳ ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂದರೆ, ಅಲ್ಲಿ ಹಿತ್ತಾಳೆಯನ್ನು ಊಹಿಸಿಕೊಳ್ಳಲೂ ಆಗುವುದಿಲ್ಲ.

ಉಬ್ಬು ಕೆತ್ತನೆ ಅಂದರೆ ತುಂಬಾ ಎತ್ತರ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಹಳೆಯ ಕೋವಿಗಳಲ್ಲಿ ಅದು ಇಂಚಿನ ಹದಿನಾರನೇ ಒಂದು ಭಾಗದಷ್ಟು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ನೆರಳು ಬೀಳಲು ಅಷ್ಟು ಸಾಕು. ಮುಚ್ಚಳದಲ್ಲಂತೂ ಜಾಸ್ತಿ ಇಳಿಸಲೇಬಾರದು, ಯಾಕೆಂದರೆ ಅಡಿಯಲ್ಲಿ ಮುಚ್ಚಳವನ್ನು ಹಿಡಿದಿಡುವ ಸ್ಪ್ರಿಂಗ್ ಕೂರಿಸಲು ಮರ ಬೇಕು, ಅಂಚಿನಲ್ಲಿ ಡವ್‌ಟೇಲ್‌ಗೆ ಮರ ಬೇಕು. ಮೇಲಿನಿಂದ ನೀವು ಇಳಿಸುತ್ತಾ ಹೋದರೆ ಒಂದು ದಿನ ಪಟ್ ಅಂತ ಸೀಳುತ್ತದೆ.

ಕರ್ಲಿ ಮೇಪಲ್ ಕೆತ್ತುವುದು ತಾಳ್ಮೆಯ ಕೆಲಸ. ಪಟ್ಟೆ ಪಟ್ಟೆಯಾಗಿ ಕಾಣುವುದು ಯಾಕೆ ಅಂದರೆ ಅದರ ಎಳೆಗಳು ನೇರ ಇಲ್ಲ, ಅಲೆಯಂತೆ ಮೇಲೆ ಕೆಳಗೆ ಹೋಗುತ್ತವೆ. ಹಾಗಾಗಿ ಉಳಿ ಒಂದು ಅಲೆಯಲ್ಲಿ ಎಳೆಯ ಜೊತೆ ಹೋದರೆ ಮುಂದಿನ ಅಲೆಯಲ್ಲಿ ಎಳೆಗೆ ಎದುರಾಗಿ ಹೋಗುತ್ತದೆ, ಅಲ್ಲಿ ಮರ ಕಿತ್ತು ಬರುತ್ತದೆ. ದಾರಿ ಒಂದೇ. ಉಳಿ ಕೂದಲು ಬೋಳಿಸುವಷ್ಟು ಹರಿತ ಇರಬೇಕು, ನೇರ ತಳ್ಳದೆ ಓರೆಯಾಗಿ ಜಾರಿಸಿ ಕೊಯ್ಯಬೇಕು. ನಾನು ಹತ್ತು ನಿಮಿಷ ಕೆತ್ತಿದರೆ ಎರಡು ನಿಮಿಷ ಸಾಣೆ ಕಲ್ಲಿನ ಮೇಲೆ ಇರುತ್ತೇನೆ. ಸುರುಳಿಯ ಹೊರಗೆರೆಯನ್ನು ಅದೇ ಬಾಗಿನ ಗುಂಡುಬಾಯಿ ಉಳಿಯಿಂದ ನೇರ ಒತ್ತಿ ಕಚ್ಚು ಹಾಕುತ್ತೇನೆ, ಆಮೇಲೆ ಸುತ್ತಲಿನ ಮರ ಇಳಿಸುತ್ತೇನೆ. ಇಳಿಸಿದ ಜಾಗವನ್ನು ಸಮ ಮಾಡುವುದಕ್ಕೇ ಅರ್ಧಕ್ಕಿಂತ ಜಾಸ್ತಿ ಸಮಯ ಹೋಗುತ್ತದೆ. ಹೂವು ಎಲ್ಲರೂ ನೋಡುತ್ತಾರೆ, ಆದರೆ ಕೆಲಸ ಗೊತ್ತಿರುವವರು ನೋಡುವುದು ಹೂವಿನ ಸುತ್ತಲಿನ ನೆಲವನ್ನು. ಅಲ್ಲಿ ಉಬ್ಬು ತಗ್ಗು ಇದ್ದರೆ ಬಣ್ಣ ಹಚ್ಚಿದ ಮೇಲೆ ಎಲ್ಲಾ ಎದ್ದು ಕಾಣುತ್ತದೆ.

ಉಪ್ಪು ಕಾಗದದ ಬಗ್ಗೆ ಒಂದು ಮಾತು. ಅದನ್ನು ಕೆತ್ತನೆಯ ಮೇಲೆ ಉಜ್ಜಬೇಡಿ, ದಯವಿಟ್ಟು. ಚೂಪಾದ ಅಂಚುಗಳೆಲ್ಲ ಸೋಪಿನ ಹಾಗೆ ಕರಗಿಹೋಗುತ್ತವೆ. ಹಳಬರು ಕೆರೆಯುವ ತಗಡು ಬಳಸಿ ಮುಗಿಸುತ್ತಿದ್ದರು. ಅದನ್ನೂ ಪಟ್ಟೆಗಳಿಗೆ ಸ್ವಲ್ಪ ಓರೆಯಾಗಿ ಹಿಡಿಯಬೇಕು, ಇಲ್ಲದಿದ್ದರೆ ಗಟ್ಟಿ ಮೆದು ಗಟ್ಟಿ ಮೆದು ಅಂತ ಕುಣಿದು ಮರದ ಮೇಲೆ ಅಲೆ ಮೂಡಿಸಿಬಿಡುತ್ತದೆ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಎದ್ದ ರೋಮವನ್ನು ಮತ್ತೆ ಕೆರೆದು ತೆಗೆಯಬೇಕು. ಎರಡು ಮೂರು ಸಲ.

ಮುಚ್ಚಳದ ಹಿಂದಿನ ತುದಿಯೂ ಅಲಂಕಾರದ ಜಾಗವೇ. ಜಾರಿ ಬರಲು ದಾರಿ ಬೇಕು ಅಂತ ಬಟ್ ಪ್ಲೇಟ್‌ನ ಹಿತ್ತಾಳೆಯಲ್ಲಿ ಕಚ್ಚು ಕೊಯ್ದಿರುತ್ತಾರೆ. ಅಲ್ಲಿ ಬರೀ ಮರ ಬಿಟ್ಟರೆ ನೆಲಕ್ಕೆ ಊರಿದಾಗೆಲ್ಲ ಪೆಟ್ಟಾಗುತ್ತದೆ. ಹಾಗಾಗಿ ತುದಿಗೆ ಹಿತ್ತಾಳೆ, ಮೂಳೆ ಅಥವಾ ಕೊಂಬಿನ ಒಂದು ಚೂರು ಕೂರಿಸುತ್ತಾರೆ. ನಾನು ಈ ಸಲ ಮೂಳೆ ಹಾಕಿದ್ದೇನೆ. ಕಂದು ಮರದ ಕೊನೆಗೆ ಬೆಳ್ಳನೆಯ ಗೆರೆ. ಅದರ ಮೇಲೆ ಏನೂ ಗೀರಿಲ್ಲ, ಗೀರಬೇಕು ಅನಿಸಲೂ ಇಲ್ಲ.

ಬಣ್ಣಕ್ಕೆ ಅಕ್ವಾ ಫೋರ್ಟಿಸ್. ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಕರಗಿಸಿದ ದ್ರಾವಣ ಅದು. ಹಚ್ಚಿದಾಗ ಹಸಿರು ಮಿಶ್ರಿತ ಹಳದಿಯಾಗಿ ಪೇಲವವಾಗಿ ಕಾಣುತ್ತದೆ. ಒಣಗಿದ ಮೇಲೆ ಬಿಸಿ ತೋರಿಸಿದರೆ ಕಣ್ಣೆದುರೇ ಕೆಂಪು ಕಂದು ಬಣ್ಣ ಹರಡಿಕೊಳ್ಳುತ್ತದೆ, ಯಾಕೆಂದರೆ ಕಬ್ಬಿಣ ಮರದೊಳಗೇ ತುಕ್ಕಿನ ರೂಪಕ್ಕೆ ತಿರುಗುತ್ತದೆ. ಹೊಗೆ ಕೆಟ್ಟದ್ದು, ಬಯಲಿನಲ್ಲೇ ಮಾಡಬೇಕು, ಕೈಗವಸು ಬೇಕೇ ಬೇಕು. ಉಳಿದ ಆಮ್ಲವನ್ನು ಅಡುಗೆ ಸೋಡಾ ನೀರಿನಿಂದ ಶಮನ ಮಾಡಿ, ತೊಳೆದು ಒಣಗಿಸಿ, ಆಮೇಲೆ ಅಗಸೆ ಎಣ್ಣೆ. ಇಲ್ಲಿ ಗಮನಿಸಬೇಕಾದದ್ದು ಎರಡು. ಮುಚ್ಚಳ ಮತ್ತು ಸ್ಟಾಕ್ ಎರಡಕ್ಕೂ ಒಂದೇ ದಿನ, ಒಂದೇ ಶೀಶೆಯಿಂದ ಹಚ್ಚಬೇಕು. ಮತ್ತೆ, ಎಳೆಯನ್ನು ಅಡ್ಡ ಕೊಯ್ದ ಕಡೆ ಮರ ಜಾಸ್ತಿ ಕುಡಿಯುತ್ತದೆ, ಕಪ್ಪಾಗುತ್ತದೆ. ಸುರುಳಿಯ ಅಂಚು ಅಡ್ಡ ಬಂದ ಕಡೆಯಲ್ಲೆಲ್ಲ ತಾನಾಗಿ ಒಂದು ಕಪ್ಪು ಗೆರೆ ಮೂಡುತ್ತದೆ. ಕೆತ್ತನೆಯನ್ನು ಯೋಚಿಸುವಾಗಲೇ ಇದನ್ನು ಲೆಕ್ಕಕ್ಕೆ ಇಟ್ಟುಕೊಂಡರೆ ಅರ್ಧ ನೆರಳು ಪುಕ್ಕಟೆ ಸಿಕ್ಕ ಹಾಗೆ.

ಹೋದ ಸಲ ಮಾಡಿದ ಕೋವಿಯ ಮುಚ್ಚಳವನ್ನು ಜನವರಿಯಲ್ಲಿ ಹೊಂದಿಸಿದ್ದೆ. ಹೀಟರ್ ಉರಿಯುತ್ತಿತ್ತು, ಗಾಳಿ ಒಣಗಿತ್ತು, ಮುಚ್ಚಳ ಬೆಣ್ಣೆಯಂತೆ ಜಾರುತ್ತಿತ್ತು. ಜುಲೈ ತಿಂಗಳ ತೇವಕ್ಕೆ ಮೇಪಲ್ ಉಬ್ಬಿತು, ಅರ್ಧಕ್ಕೇ ಸಿಕ್ಕಿಕೊಂಡಿತು. ಬಲವಂತ ಮಾಡದೆ ಎರಡು ದಿನ ಒಣ ಕೋಣೆಯಲ್ಲಿಟ್ಟು ಬಿಡಿಸಿದೆ. ಎಡ ಅಂಚಿನಿಂದ ಒಂದೇ ಒಂದು ತೆಳು ಪದರ ಉಜ್ಜುಗೊರಡಿನಿಂದ ತೆಗೆದೆ. ಸರಿಹೋಯಿತು, ಆದರೆ ಬೀಡ್ ಅಂಚಿಗೆ ತೀರಾ ಒತ್ತಿಕೊಂಡಿದ್ದರಿಂದ ಅದರ ಒಂದು ಬದಿ ಹೋಯಿತು. ಈ ಸಲ ಬೀಡ್‌ನ ಆಚೆ ಎರಡೂ ಕಡೆ ದಪ್ಪ ದಾರದಷ್ಟು ಚಪ್ಪಟೆ ಅಂಚು ಬಿಟ್ಟಿದ್ದೇನೆ. ಮುಂದೆ ಚಿಪ್ಪಿನ ಆಕಾರದಲ್ಲಿ ಏಳು ಗೀರು, ಬೆರಳಿಗೆ. ನಡುವೆ ಒಂದೇ ಒಂದು ಬಳುಕು ಗೆರೆ, ಅದು ಮುಚ್ಚಳದಿಂದ ಹೊರಗೆ ಸ್ಟಾಕ್ ಮೇಲೂ ಒಂದು ಇಂಚು ಮುಂದುವರಿಯುತ್ತದೆ. ಮುಚ್ಚಳ ಮುಚ್ಚಿದಾಗ ಮಾತ್ರ ಆ ಗೆರೆ ಪೂರ್ತಿಯಾಗುತ್ತದೆ. ನಿನ್ನೆ ರಾತ್ರಿ ಅದನ್ನು ಮುಗಿಸಿ ಹತ್ತು ಹದಿನೈದು ಸಲ ತೆಗೆದು ಹಾಕಿ ನೋಡಿದೆ. ಗೆರೆ ಗೆರೆಗೆ ಸೇರುತ್ತಿದೆ. ನಾಳೆ ಮಳೆ ಇಲ್ಲದಿದ್ದರೆ ಹೊರಗೆ ಕೂತು ಬಣ್ಣ ಹಚ್ಚುತ್ತೇನೆ.